ಮಧ್ಯೆ ಏನಿದೆ?

ಮಾರ್ಚ್ ತಿಂಗಳು ಬಂತು ಅಂದರೆ ನನ್ನ ಫೋನಿಗೆ ಊರಿನಿಂದ ಪ್ಲಾನ್‌ಗಳು ಬರಲು ಶುರುವಾಗುತ್ತವೆ. ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತು ಅದು. ಈ ಸಲದ್ದು ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗ ಕಳಿಸಿದ್ದು. ಹತ್ತು ದಿನ, ನಾಲ್ಕು ಜನ. ಸಿಡ್ನಿ ಎರಡು ದಿನ, ಕೇರ್ನ್ಸ್ ಎರಡು ದಿನ, ಉಲುರು ಒಂದು ದಿನ, ಮೆಲ್ಬರ್ನ್ ಎರಡು ದಿನ, ಪರ್ತ್ ಎರಡು ದಿನ, ಕೊನೆಗೆ ಒಂದು ದಿನ ಶಾಪಿಂಗ್. ಕೆಳಗೆ ಒಂದು ಸಾಲು: "ಅಕ್ಕ, ಎಲ್ಲಾ ಕವರ್ ಆಗುತ್ತೆ ಅಲ್ವಾ? ನೋಡಿ ಹೇಳು."

ಆ ಮೆಸೇಜಿಗೆ ಎರಡು ದಿನ ಉತ್ತರ ಕೊಡಲಿಲ್ಲ. ಆಗಲ್ಲ ಅಂತ ಬರೆಯಲು ಒಂದು ನಿಮಿಷ ಸಾಕಿತ್ತು. ಆದರೆ ಯಾಕೆ ಆಗಲ್ಲ ಅಂತ ಹೇಳಬೇಕಾದರೆ ನಾಲ್ಕು ವರ್ಷದ ಹಿಂದಿನ ಕಥೆ ಹೇಳಬೇಕು. ಅಪ್ಪ ಅಮ್ಮ ಹಾಸನದಿಂದ ಮೊದಲ ಸಲ ಮೆಲ್ಬರ್ನಿಗೆ ಬಂದಾಗ ನಾನು ಮಾಡಿದ್ದ ಪ್ಲಾನೂ ಹೆಚ್ಚುಕಡಿಮೆ ಹೀಗೇ ಇತ್ತು. ಅದನ್ನು ಅಪ್ಪ ಒಂದೇ ಪ್ರಶ್ನೆಯಲ್ಲಿ ಬದಲಾಯಿಸಿದರು. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಯಾರೇ ಪ್ಲಾನ್ ಕಳಿಸಿದರೂ ಮೊದಲು ಅದೇ ಮನಸ್ಸಿಗೆ ಬರುತ್ತದೆ. ಹಾಗಾಗಿ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ. ತಮ್ಮನೂ ಓದಲಿ, ಮುಂದೆ ಕೇಳುವವರೂ ಓದಲಿ.

ಹೆಬ್ಬೆರಳಿನಲ್ಲಿ ಅಳೆದ ದೇಶ

ನಾವೆಲ್ಲ ಆಸ್ಟ್ರೇಲಿಯಾವನ್ನು ಮೊದಲು ನೋಡಿದ್ದು ಶಾಲೆಯ ಗೋಡೆಯ ಭೂಪಟದಲ್ಲಿ, ಕೆಳಗೆ ಬಲಗಡೆ ಮೂಲೆಯಲ್ಲಿ. ಸುತ್ತ ನೀಲಿ, ಮಧ್ಯೆ ಒಂದು ತುಂಡು ನೆಲ. ಆ ಚಿತ್ರ ತಲೆಯಲ್ಲಿ ಉಳಿದುಬಿಟ್ಟಿದೆ. ಅದಕ್ಕೇ ಒಂದು ಊರಿನಿಂದ ಇನ್ನೊಂದಕ್ಕೆ ಮೈಸೂರಿಂದ ಮಡಿಕೇರಿಗೆ ಹೋದಂತೆ ಹೋಗಿಬರಬಹುದು ಅನ್ನಿಸುತ್ತದೆ. ಈ ದೇಶದ ವಿಸ್ತೀರ್ಣ ಸುಮಾರು 76.9 ಲಕ್ಷ ಚದರ ಕಿಲೋಮೀಟರ್. ಭಾರತದ ಎರಡು ಪಟ್ಟಿಗಿಂತ ಜಾಸ್ತಿ. ಕರ್ನಾಟಕವನ್ನು ಎತ್ತಿ ಇಡುತ್ತಾ ಹೋದರೆ 40 ಕರ್ನಾಟಕ ಇದರಲ್ಲಿ ಕೂರುತ್ತವೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆನಾ ಕ್ರೀಕ್ ಅಂತ ಒಂದು ದನ ಸಾಕುವ ಜಮೀನಿದೆ. ಅದೊಂದೇ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಇಷ್ಟು ನೆಲದಲ್ಲಿ ಇರುವ ಜನ 2.7 ಕೋಟಿಯ ಆಸುಪಾಸು. ಅವರಲ್ಲೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಸಮುದ್ರದ ದಂಡೆಯಿಂದ 50 ಕಿ.ಮೀ. ಒಳಗೇ ಇರುತ್ತಾರೆ.

ಸಿಡ್ನಿಯಿಂದ ಪರ್ತ್‌ಗೆ ವಿಮಾನದಲ್ಲೇ ಐದು ಗಂಟೆ ಬೇಕು. ಸುಮಾರು 3,300 ಕಿ.ಮೀ. ಬೆಂಗಳೂರಿಂದ ದೆಹಲಿಗೆ ಹೋಗಿ, ಹೆಚ್ಚುಕಡಿಮೆ ವಾಪಸ್ ಬಂದಷ್ಟು ದೂರ. ಅದೇ ಎರಡು ಊರುಗಳ ನಡುವೆ ಇಂಡಿಯನ್ ಪೆಸಿಫಿಕ್ ರೈಲು 4,352 ಕಿ.ಮೀ. ಓಡುತ್ತದೆ. ದಾರಿಯಲ್ಲಿ ನಲ್ಲರ್‌ಬೋರ್ ಬಯಲಿನಲ್ಲಿ 478 ಕಿ.ಮೀ. ಹಳಿ ಒಂದು ಚೂರೂ ತಿರುಗದೆ ನೇರವಾಗಿ ಹೋಗುತ್ತದೆ. ಹಾಸನದಿಂದ ಹುಬ್ಬಳ್ಳಿ ದಾಟಿದರೂ ಮುಗಿಯದ ದೂರ, ಒಂದು ತಿರುವೂ ಇಲ್ಲದೆ.

ಇದನ್ನೆಲ್ಲ ನಾನು ಆಗಲೂ ಓದಿದ್ದೆ. ಓದಿದ್ದೂ ಪ್ಲಾನಿನಲ್ಲಿ ಇಳಿಯಲಿಲ್ಲ. ನಾನು ಕಂಪ್ಯೂಟರ್ ಮುಂದೆ ಕೂತು ಊರಿನ ಹೆಸರುಗಳನ್ನು ಒಂದರ ಕೆಳಗೊಂದು ಬರೆದಿದ್ದೆ. ಊರು, ಹೋಟೆಲ್, ನೋಡುವ ಜಾಗ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಳಿಯುವುದು ಒಂದು ಬಟನ್ ಒತ್ತಿದಷ್ಟೇ ಕೆಲಸ. ಎರಡು ಸಾಲಿನ ಮಧ್ಯೆ ಇರುವ ದೂರ ಆ ಪಟ್ಟಿಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಅಡುಗೆಮನೆ ಮೇಜಿನ ಮೇಲೆ

ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವರು. ಹಾಸನ ಡಿಪೋ. ಅದರಲ್ಲಿ ಹನ್ನೆರಡು ವರ್ಷ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ರೂಟು. ಅದಕ್ಕೆ ಮೊದಲು ಸಕಲೇಶಪುರದ ಕಡೆಯ ಹಳ್ಳಿಗಳಿಗೆ ನೈಟ್ ಹಾಲ್ಟ್ ಬಸ್ಸು. ಸಂಜೆ ಕೊನೆಯ ಟ್ರಿಪ್ಪಿಗೆ ಹಳ್ಳಿ ಸೇರುವುದು, ಬಸ್ಸಿನಲ್ಲೇ ಮಲಗುವುದು, ಬೆಳಗ್ಗೆ ಆರಕ್ಕೆ ಕಾಲೇಜು ಮಕ್ಕಳನ್ನೂ ಹಾಲಿನ ಕ್ಯಾನನ್ನೂ ಹತ್ತಿಸಿಕೊಂಡು ವಾಪಸ್. ನಾನು ಚಿಕ್ಕವಳಿದ್ದಾಗ ಧರ್ಮಸ್ಥಳ ಎಷ್ಟು ದೂರ ಅಂತ ಕೇಳಿದರೆ ಅಪ್ಪ ಕಿಲೋಮೀಟರ್ ಹೇಳುತ್ತಲೇ ಇರಲಿಲ್ಲ. "ಬಿಸಿಲಿದ್ದರೆ ಮೂರೂವರೆ ಗಂಟೆ. ಮಳೆ ಇದ್ದರೆ ಗುಂಡ್ಯ ದಾಟಿದ ಮೇಲೆ ಹೇಳ್ತೀನಿ" ಅನ್ನುತ್ತಿದ್ದರು.

ಅವರು ಬಂದಿದ್ದು ಜೂನ್‌ನಲ್ಲಿ. ಇಲ್ಲಿ ಚಳಿಗಾಲ. ಮಗಳಿಗೆ ಶಾಲೆಗೆ ಎರಡು ವಾರ ರಜೆ ಇತ್ತು, ನಮ್ಮಿಬ್ಬರಿಗೂ ರಜೆ ಸಿಕ್ಕಿತ್ತು. ರಾತ್ರಿ ಊಟ ಆದ ಮೇಲೆ ನಾನು ಲ್ಯಾಪ್‌ಟಾಪ್ ತಿರುಗಿಸಿ ಅಪ್ಪನಿಗೆ ಪ್ಲಾನ್ ತೋರಿಸಿದೆ. ಉಲುರು ಅವರು ನೋಡಲೇಬೇಕು ಅಂದಿದ್ದ ಜಾಗ. ಟೀವಿಯಲ್ಲಿ ಯಾವಾಗಲೋ ಆ ಕೆಂಪು ಬಂಡೆ ನೋಡಿದ್ದರಂತೆ. ನನ್ನ ಪಟ್ಟಿಯಲ್ಲಿ ಹೀಗಿತ್ತು: ಬೆಳಗ್ಗೆ ಮೆಲ್ಬರ್ನಿಂದ ವಿಮಾನ. ಮಧ್ಯಾಹ್ನ ಒಂದು ಗಂಟೆಗೆ ದೇಶದ ನಟ್ಟನಡುವಿನ ಊರು ಆಲಿಸ್ ಸ್ಪ್ರಿಂಗ್ಸ್. ಅಲ್ಲಿ ಬಾಡಿಗೆ ಕಾರು. ಸಂಜೆ ಆರಕ್ಕೆ ಉಲುರುವಿನಲ್ಲಿ ಸೂರ್ಯಾಸ್ತ.

ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಎಷ್ಟು ದೂರಮ್ಮಾ ಇದು?"

"ನಾನೂರ ಐವತ್ತು ಕಿಲೋಮೀಟರ್ ಅಪ್ಪ. ರಸ್ತೆ ತುಂಬಾ ಚೆನ್ನಾಗಿದೆ. ಆ ಹೈವೇಲಿ 130ರವರೆಗೂ ಓಡಿಸಬಹುದು."

"ಅದು ಸರಿ. ಮಧ್ಯೆ ಏನಿದೆ?"

ನಾನು ಮ್ಯಾಪ್ ದೊಡ್ಡದು ಮಾಡಿದೆ. ಏನೂ ಇರಲಿಲ್ಲ. ಇನ್ನೂ ದೊಡ್ಡದು ಮಾಡಿದೆ. ಹಳದಿ ಬಣ್ಣದ ನೆಲ, ಅದರ ಮೇಲೆ ಒಂದು ಗೆರೆ. 200 ಕಿ.ಮೀ. ಆದ ಮೇಲೆ ಒಂದು ಹೆಸರು ಬಂತು, ಎರ್ಲ್‌ಡಂಡಾ. ಅಲ್ಲಿ ಸ್ಟುವರ್ಟ್ ಹೈವೇ ಬಿಟ್ಟು ಬಲಕ್ಕೆ ಲ್ಯಾಸೆಟರ್ ಹೈವೇ ಹಿಡಿಯಬೇಕು. ಅಲ್ಲಿಂದ ಮತ್ತೆ 160 ಕಿ.ಮೀ. ಆದ ಮೇಲೆ ಇನ್ನೊಂದು ಹೆಸರು, ಕರ್ಟಿನ್ ಸ್ಪ್ರಿಂಗ್ಸ್. "ಏನೂ ಇಲ್ಲ ಅಪ್ಪ, ಖಾಲಿ" ಅಂದೆ.

ಅಪ್ಪ ಸುಮ್ಮನಾದರು. ಆಮೇಲೆ ಒಂದೊಂದಾಗಿ ಕೇಳಿದರು. ಪೆಟ್ರೋಲ್ ಎಲ್ಲಿ ಹಾಕಿಸೋದು? ಅಮ್ಮನಿಗೆ ಬಾತ್‌ರೂಮಿಗೆ ಎಲ್ಲಿ ನಿಲ್ಲಿಸೋದು? ಕತ್ತಲು ಎಷ್ಟು ಹೊತ್ತಿಗೆ ಆಗುತ್ತೆ? ವಿಮಾನ ಒಂದು ಗಂಟೆ ತಡ ಆದರೆ ಏನು ಮಾಡ್ತೀರಿ? ಖಾಲಿ ಅಂದೆಯಲ್ಲ, ದನಕರು ಇಲ್ವಾ? ಬೇಲಿ ಇದೆಯಾ? ಕೊನೆಗೆ, "ಕಾರಿನವರ ಕಾಗದ ಓದಿದ್ದೀಯಾ?"

ನಾನು ಓದಿರಲಿಲ್ಲ. ಆಗ ಕೂತು ಓದಿದೆ. ಊರಿನ ಮಿತಿಯ ಹೊರಗೆ ಕತ್ತಲಾದ ಮೇಲೆ ಕಾರು ಓಡಿಸುವಂತಿಲ್ಲ, ಓಡಿಸಿದಾಗ ಏನಾದರೂ ಆದರೆ ವಿಮೆ ಸಿಗುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆ ಭಾಗದಲ್ಲಿ ಬಾಡಿಗೆ ಕಾರಿಗೆ ಇಂಥ ನಿಯಮ ಸಾಮಾನ್ಯ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ. ಬೇಲಿ ಇಲ್ಲದ ಕಡೆ ದನಗಳು ಬೆಚ್ಚಗಿರುವ ಟಾರಿನ ಮೇಲೆ ಬಂದು ನಿಲ್ಲುತ್ತವೆ. ಒಂಟೆಗಳೂ ಇವೆ. ನೂರರ ವೇಗದಲ್ಲಿ ಒಂದು ಹೋರಿಗೆ ಗುದ್ದಿದರೆ ಏನಾಗುತ್ತದೆ ಅಂತ ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದವರಿಗೆ ಹೇಳಬೇಕಾಗಿಲ್ಲ. ಫೋನ್ ಸಿಗ್ನಲ್ ಬಹಳ ದೂರದವರೆಗೆ ಇರುವುದೇ ಇಲ್ಲ. ಹತ್ತಿರದ ಆಸ್ಪತ್ರೆ ಅಂದರೆ ಆಲಿಸ್ ಸ್ಪ್ರಿಂಗ್ಸ್. ಈ ಒಳನಾಡಿನಲ್ಲಿ ಡಾಕ್ಟರು ವಿಮಾನದಲ್ಲಿ ಬರುತ್ತಾರೆ. 1928ರಲ್ಲಿ ಕ್ಲೋನ್‌ಕರಿಯಲ್ಲಿ ಶುರುವಾದ ಫ್ಲೈಯಿಂಗ್ ಡಾಕ್ಟರ್ ಸೇವೆ ಇವತ್ತಿಗೂ ನಡೆಯುತ್ತಿದೆ. ಇದನ್ನು ಹೇಳಿದಾಗ ಅಪ್ಪನ ಮುಖದಲ್ಲಿ ಮೆಚ್ಚುಗೆ ಕಂಡಿತು. "ನೋಡು, ಅವರು ಮಧ್ಯೆ ಏನಿದೆ ಅಂತ ಯೋಚನೆ ಮಾಡಿದ್ದಾರೆ" ಅಂದರು.

ಆ ರಾತ್ರಿ ಅಪ್ಪ ಒಂದು ಹಾಳೆ ತೆಗೆದುಕೊಂಡು ಹೊಸ ಶೆಡ್ಯೂಲ್ ಬರೆದರು. ಡಿಪೋದಲ್ಲಿ ಬರೆಯುತ್ತಿದ್ದ ಹಾಗೆ. ಎಡಗಡೆ ಹೊರಡುವ ಹೊತ್ತು, ಬಲಗಡೆ ಸೇರುವ ಹೊತ್ತು, ಮಧ್ಯೆ ನಿಲ್ಲುವ ಜಾಗ. ಹನ್ನೊಂದು ದಿನದ ಪ್ರವಾಸದಿಂದ ಕೇರ್ನ್ಸ್ ಹೋಯಿತು. ಸಿಡ್ನಿ ಹೋಯಿತು. ನನಗೆ ಹೊಟ್ಟೆಯೊಳಗೆ ಸಂಕಟ. ಇಷ್ಟು ದೂರ ಬಂದಿದ್ದಾರೆ, ಆಪೆರಾ ಹೌಸ್ ನೋಡದೆ ಹೋಗುತ್ತಾರಲ್ಲ ಅಂತ. ಅಮ್ಮ ಮಾತ್ರ ಚಪಾತಿ ಡಬ್ಬ ಮುಚ್ಚುತ್ತಾ, "ಮತ್ತೆ ಬರಲ್ವಾ ನಾವು?" ಅಂದಳು. ಮೊದಲ ದಿನದ ಮುಂದೆ ಅಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದರು: ಎರ್ಲ್‌ಡಂಡಾ, ನೈಟ್ ಹಾಲ್ಟ್.

ಎರ್ಲ್‌ಡಂಡಾ

ಎರ್ಲ್‌ಡಂಡಾ ಊರಲ್ಲ. ಒಂದು ರೋಡ್‌ಹೌಸ್. ಪೆಟ್ರೋಲ್ ಬಂಕ್, ಊಟದ ಜಾಗ, ಸಾಲಾಗಿ ಕೆಲವು ಕೋಣೆ, ಹಿಂದೆ ಟೆಂಟ್ ಹಾಕುವವರಿಗೆ ಬಯಲು, ಬೇಲಿಯೊಳಗೆ ಎಮು ಹಕ್ಕಿಗಳು. ನಾವು ಸೇರಿದಾಗ ನಾಲ್ಕೂವರೆ. ಹೊರಗೆ ಒಂದು ರೋಡ್ ಟ್ರೇನ್ ನಿಂತಿತ್ತು. ಒಂದು ಲಾರಿ, ಅದರ ಹಿಂದೆ ಮೂರು ಟ್ರೈಲರ್. ನಾರ್ದರ್ನ್ ಟೆರಿಟರಿ ಅನ್ನುವ ಈ ಪ್ರಾಂತ್ಯದಲ್ಲಿ 53.5 ಮೀಟರ್ ಉದ್ದದವರೆಗೂ ಬಿಡುತ್ತಾರೆ. ಅಪ್ಪ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋದರು, ಚಕ್ರ ಎಣಿಸಿದರು, ವಾಪಸ್ ನಡೆದು ಬಂದರು. ಡ್ರೈವರ್ ಕಾಫಿ ಲೋಟ ಹಿಡಿದು ಬಂದ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ತಮ್ಮ ಎದೆ ಮುಟ್ಟಿಕೊಂಡು "ಬಸ್, ಡ್ರೈವರ್, ಥರ್ಟಿ ಒನ್ ಇಯರ್ಸ್" ಅಂದರು. ಆತ ಲೋಟವನ್ನು ಎಡಗೈಗೆ ಬದಲಾಯಿಸಿ ಬಲಗೈ ಚಾಚಿದ. ಆಮೇಲೆ ಇಬ್ಬರೂ ಟೈರ್ ನೋಡುತ್ತಾ ನಿಂತರು. ಆತ ಯಾವ ಬ್ರೇಕ್ ಮೊದಲು ಹಿಡಿಯುತ್ತದೆ ಅಂತ ಕೈಯಲ್ಲಿ ತೋರಿಸುತ್ತಿದ್ದ. ಅಪ್ಪ ಘಾಟಿ ಇಳಿಯುವಾಗ ಗೇರ್ ಹೇಗೆ ಹಾಕುತ್ತಿದ್ದೆವು ಅಂತ ಕೈಯಲ್ಲೇ ತೋರಿಸುತ್ತಿದ್ದರು. ಹತ್ತು ನಿಮಿಷ ಹಾಗೇ ಮಾತಾಡಿದರು.

ಆ ದಿನ ಕಾರಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರು. ಓಡಿಸುತ್ತಿದ್ದವರು ನನ್ನ ಯಜಮಾನರು. ಎದುರಿನಿಂದ ರೋಡ್ ಟ್ರೇನ್ ಬಂದಾಗಲೆಲ್ಲ ಅಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಿವೃತ್ತರಾಗಿ ಆರು ವರ್ಷ ಆಗಿತ್ತು, ಕಾಲು ಮರೆತಿರಲಿಲ್ಲ. ಇಲ್ಲಿಯ ಒಳನಾಡಿನಲ್ಲಿ ಒಂದು ಅಭ್ಯಾಸ ಇದೆ. ಎದುರು ಬಂದ ಗಾಡಿಗೆ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅಷ್ಟೇ. ಅರ್ಧ ಗಂಟೆಗೆ ಒಂದು ಗಾಡಿ ಸಿಗುವ ದಾರಿಯಲ್ಲಿ ನೀನಿದ್ದೀಯ, ನಾನೂ ಇದ್ದೀನಿ ಅಂತ ಹೇಳುವ ಹಾಗೆ. ನಮ್ಮ ಬಸ್ ಡ್ರೈವರುಗಳು ಎದುರು ಬಸ್ಸಿಗೆ ಕೈ ಎತ್ತುವುದಿಲ್ವಾ, ಹಾಗೇ. ಮೂರನೆಯ ಗಾಡಿಯ ಹೊತ್ತಿಗೆ ಅಪ್ಪ ಪ್ಯಾಸೆಂಜರ್ ಸೀಟಿನಿಂದಲೇ ಕೈ ಎತ್ತಲು ಶುರು ಮಾಡಿದ್ದರು.

ರಾತ್ರಿ ಚಳಿ ಜೋರಾಗಿತ್ತು. ಎಲ್ಲರೂ ಕಂಬಳಿ ಹೊದ್ದು ಕೋಣೆಯ ಹಿಂದಿನ ಬಯಲಿಗೆ ಹೋದೆವು. ಬಂಕಿನ ದೀಪ ದಾಟಿ ನೂರು ಹೆಜ್ಜೆ ನಡೆದರೆ ಪೂರ್ತಿ ಕತ್ತಲು. ತಲೆ ಎತ್ತಿದ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಕಾಶಗಂಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಡಿತ್ತು, ರಂಗೋಲಿ ಪುಡಿ ಕೈ ಜಾರಿ ಬಿದ್ದ ಹಾಗೆ. "ನಾನು ಮದುವೆಯಾಗಿ ಬಂದಾಗ ನಮ್ಮ ಅಂಗಳದಲ್ಲೂ ಹೀಗೇ ಕಾಣ್ತಿತ್ತು. ಆಮೇಲೆ ಯಾವಾಗ ಹೋಯ್ತೋ ಗೊತ್ತಾಗಲಿಲ್ಲ" ಅಂದಳು. ನನ್ನ ಮೂಲ ಪ್ಲಾನಿನಲ್ಲಿ ಆ ಹೊತ್ತಿಗೆ ನಾವು ಹೋಟೆಲಿನಲ್ಲಿ ಬಫೆ ಊಟ ಮಾಡುತ್ತಿರಬೇಕಿತ್ತು.

ಮರುದಿನ ಬಿಸಿಲು ಬಂದ ಮೇಲೆ ಹೊರಟೆವು. ಒಂದೂವರೆ ಗಂಟೆ ಆದ ಮೇಲೆ ಎಡಗಡೆ ದೂರದಲ್ಲಿ ದೊಡ್ಡ ಕೆಂಪು ಬೆಟ್ಟ ಕಂಡಿತು. ಮಗಳು "ಉಲುರು! ಅಜ್ಜ, ಉಲುರು!" ಅಂತ ಕೂಗಿದಳು. ನಾನೂ ಹಾಗೇ ಅಂದುಕೊಂಡೆ. ಅದು ಉಲುರು ಅಲ್ಲ, ಮೌಂಟ್ ಕಾನರ್. ತಲೆ ಚಪ್ಪಟೆಯಾಗಿರುವ ಬೆಟ್ಟ, ಬಯಲಿನಿಂದ ಸುಮಾರು 300 ಮೀಟರ್ ಎತ್ತರ. ಎಷ್ಟೋ ಜನ ಹೀಗೇ ಮೋಸ ಹೋಗುತ್ತಾರಂತೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಇದೆ. ಅಮ್ಮ ಬೆಳಗ್ಗೆ ರೋಡ್‌ಹೌಸಿನ ಕೆಟಲಿನಲ್ಲಿ ನೀರು ಕಾಯಿಸಿ ಗೊಜ್ಜವಲಕ್ಕಿ ಕಲಸಿದ್ದಳು. ಅದನ್ನು ಡಬ್ಬದ ಮುಚ್ಚಳಗಳಲ್ಲಿ ಹಂಚಿಕೊಂಡು ತಿಂದೆವು. ರಸ್ತೆಯ ಆಚೆ ಬದಿಯ ಮರಳು ದಿಬ್ಬ ಹತ್ತಿದರೆ ಹಿಂದೆ ಬಿಳೀ ಉಪ್ಪಿನ ಕೆರೆ. ಕೆಂಪು ಮಣ್ಣು, ನಡುವೆ ಬಿಳಿ ಗೆರೆ. ಅದು ಮ್ಯಾಪಿನಲ್ಲಿ ನಾನು ಖಾಲಿ ಅಂದಿದ್ದ ಜಾಗ.

ದಿಬ್ಬದ ಹತ್ತಿರ ಒಂದು ಮರ ಇತ್ತು. ಗಾಳಿ ಬಂದಾಗ ಸುಯ್ ಅನ್ನುತ್ತಿತ್ತು. ಅಪ್ಪ ಎಲೆ ಮುಟ್ಟಿ ನೋಡಿ, "ಇದು ನಮ್ಮ ಸರ್ವೆ ಮರದ ಜಾತಿ ಅಲ್ವಾ?" ಅಂದರು. ನಿಜ. ಡೆಸರ್ಟ್ ಓಕ್ ಅನ್ನುತ್ತಾರೆ ಇಲ್ಲಿ, ಆದರೆ ಸರ್ವೆ ಮರದ ಸಂಬಂಧಿ. ಎಳೆಯದಾಗಿದ್ದಾಗ ತೆಳ್ಳಗೆ ಪೊರಕೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಬೇರು ಇಳಿದು ಇಳಿದು ಕೆಳಗಿನ ನೀರು ಸಿಕ್ಕ ಮೇಲಷ್ಟೇ ಕೊಂಬೆ ಹರಡುತ್ತದೆ. ಸಕಲೇಶಪುರದ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ, ಅದೂ ಆಸ್ಟ್ರೇಲಿಯಾದ್ದೇ. ನಮ್ಮ ನೀಲಗಿರಿ ಮರವೂ ಅಷ್ಟೇ. ಅಪ್ಪ ಮೂವತ್ತು ವರ್ಷ ಈ ದೇಶದ ಮರಗಳ ಕೆಳಗೇ ಬಸ್ ಓಡಿಸಿದ್ದರು. ಹೇಳಿದಾಗ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಬಲಗಡೆಗೆ ಬಂಡೆ

ಉಲುರು ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಫೋಟೋ ಎಲ್ಲರೂ ನೋಡಿದ್ದೀರಿ. ಬಯಲಿನಿಂದ 348 ಮೀಟರ್ ಎತ್ತರ, ಸುತ್ತಳತೆ 9.4 ಕಿ.ಮೀ. ಒಂದು ವಿಷಯ ಮಾತ್ರ ಹೇಳಬೇಕು. ಅದು ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರ ಪವಿತ್ರ ಜಾಗ. ಸರ್ಕಾರ 1985ರ ಅಕ್ಟೋಬರ್ 26ರಂದು ಆ ನೆಲವನ್ನು ಅವರಿಗೆ ವಾಪಸ್ ಕೊಟ್ಟಿತು. ಮೇಲೆ ಹತ್ತಬೇಡಿ ಅಂತ ಅವರು ಎಷ್ಟೋ ವರ್ಷ ಕೇಳಿಕೊಂಡರು. ಆದರೂ ಜನ ಹತ್ತುತ್ತಿದ್ದರು. 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ಪೂರ್ತಿ ನಿಲ್ಲಿಸಿದರು. ಹತ್ತುವವರು ಹಿಡಿದುಕೊಳ್ಳುತ್ತಿದ್ದ ಸರಪಳಿ ತೆಗೆದಿದ್ದಾರೆ. ಲಕ್ಷಾಂತರ ಕಾಲುಗಳು ಸವೆಸಿದ ಬಿಳಿಚಿದ ಗೆರೆ ಇನ್ನೂ ಕಾಣುತ್ತದೆ.

ಊರಿನಿಂದ ಬರುವವರು ಕೆಲವರು "ಹತ್ತೋಕೆ ಬಿಡಲ್ಲ ಅಂದ್ರೆ ಅಷ್ಟು ದೂರ ಹೋಗಿ ಏನು ಮಾಡೋದು?" ಅಂತ ಕೇಳುತ್ತಾರೆ. ಅಪ್ಪನಿಗೆ ಆ ಪ್ರಶ್ನೆಯೇ ಬರಲಿಲ್ಲ. "ದೇವರ ಕಲ್ಲು ಅಂದಮೇಲೆ ಹತ್ತೋದು ಯಾಕೆ, ಸುತ್ತೋಣ" ಅಂದರು. ಬಂಡೆಯ ಸುತ್ತ ನಡೆಯುವ ದಾರಿ ಸುಮಾರು 10 ಕಿ.ಮೀ. ಮಾಲಾ ಅನ್ನುವ ಜಾಗದಿಂದ ಬೆಳಗ್ಗೆ ಬೇಗ ಹೊರಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹೋಗಿ ಅಂತ ಪಾರ್ಕಿನವರೇ ಹೇಳುತ್ತಾರೆ. ಅಂದರೆ ಬಂಡೆ ನಮ್ಮ ಬಲಗಡೆಗೇ ಇರುತ್ತದೆ. ಪ್ರದಕ್ಷಿಣೆ. ಅಪ್ಪ ಅದನ್ನು ಗಮನಿಸಿದ ಮೇಲೆ ಮಾತು ಕಮ್ಮಿ ಮಾಡಿದರು. ದಾರಿಯಲ್ಲಿ ಕೆಲವು ಕಡೆ ಇಲ್ಲಿ ಫೋಟೋ ತೆಗೆಯಬೇಡಿ ಅಂತ ಬೋರ್ಡ್ ಇದೆ. ಅದು ಅವರ ಹೆಣ್ಣುಮಕ್ಕಳಿಗೆ ಅಥವಾ ಗಂಡಸರಿಗೆ ಮಾತ್ರ ಸೇರಿದ ಜಾಗ, ಚಿತ್ರ ಹೊರಗೆ ಹೋಗಬಾರದು. ನಾನು ಅರ್ಥ ಹೇಳಿದೆ. ಅಪ್ಪ ಫೋನನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. "ಗರ್ಭಗುಡಿ ಇದ್ದ ಹಾಗೆ" ಅಂದರು. ನಾಲ್ಕು ಗಂಟೆ ಹಿಡಿಯಿತು. ಅಮ್ಮನಿಗೆ ಮಂಡಿ ನೋವು. ಅವಳು, ಯಜಮಾನರು, ಮಗಳು ಕಾರಿನಲ್ಲಿ ಬಂದು ದಕ್ಷಿಣದ ಕಡೆ ಮುಟಿಜುಲು ಅನ್ನುವ ನೀರಿನ ಗುಂಡಿಯ ಹತ್ತಿರ ನಮಗೆ ಸಿಕ್ಕರು. ಬಂಡೆಯ ಬುಡದಲ್ಲಿ ತಣ್ಣಗೆ ನೀರು ನಿಂತಿತ್ತು. ಪಕ್ಕದ ಗುಹೆಯಲ್ಲಿ ಹಳೆಯ ಚಿತ್ರಗಳು. ಅಲ್ಲಿಂದ ಕೊನೆಯ ಎರಡು ಕಿಲೋಮೀಟರ್ ಅಮ್ಮನೂ ನಡೆದಳು.

ನಡೆಯುವಾಗ ನನ್ನ ತಲೆಯಲ್ಲಿ "ಖಾಲಿ" ಅನ್ನುವ ಪದ ತಿರುಗುತ್ತಲೇ ಇತ್ತು. ಬ್ರಿಟಿಷರು ಈ ದೇಶಕ್ಕೆ ಬಂದಾಗ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಯಾರದೂ ಅಲ್ಲದ ನೆಲ ಅಂದರು. ಹತ್ತಾರು ಸಾವಿರ ವರ್ಷ ಇಲ್ಲೇ ಬಾಳಿದ ಜನ ಕಣ್ಣ ಮುಂದೆ ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಮಾತು ತಪ್ಪು ಅಂತ ಇಲ್ಲಿಯ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಹೇಳಿದ್ದು 1992ರಲ್ಲಿ, ನೆಲದ ಹಕ್ಕಿಗಾಗಿ ಕೋರ್ಟಿಗೆ ಹೋದ ಎಡ್ಡಿ ಮಾಬೋ ಹೆಸರಿನ ಪ್ರಕರಣದಲ್ಲಿ. ತೀರ್ಪು ಬರುವ ಕೆಲವೇ ತಿಂಗಳ ಮುಂಚೆ ಮಾಬೋ ತೀರಿಕೊಂಡಿದ್ದರು. ನಾನು ಮ್ಯಾಪ್ ನೋಡಿ ಒಂದು ಕ್ಷಣದಲ್ಲಿ ಆಡಿದ ಮಾತು ಅದೇ ಜಾತಿಯದ್ದು. ಅನಂಗು ಜನರಿಗೆ ಆ ಹಳದಿ ನೆಲದಲ್ಲಿ ಪ್ರತಿ ಗುಂಡಿಗೂ, ದಿಬ್ಬಕ್ಕೂ ಹೆಸರಿದೆ, ಕಥೆ ಇದೆ. ನೀರು ಎಲ್ಲಿ ಸಿಗುತ್ತದೆ ಅನ್ನುವುದು ಆ ಕಥೆಗಳಲ್ಲೇ ಇದೆ. ನನ್ನ ಮ್ಯಾಪಿಗೆ ಗೊತ್ತಿರಲಿಲ್ಲ, ಅಷ್ಟೇ.

ತಮ್ಮನಿಗೆ

ಈಗ ನಿನ್ನ ಪ್ಲಾನ್. ಹತ್ತು ದಿನದಲ್ಲಿ ಐದು ಜಾಗ ಅಂದರೆ ನಾಲ್ಕು ವಿಮಾನ. ಒಂದೊಂದು ವಿಮಾನವೂ ಒಂದು ದಿನ ತಿನ್ನುತ್ತದೆ. ಬೆಳಗ್ಗೆ ರೂಮು ಖಾಲಿ ಮಾಡಿ, ಏರ್‌ಪೋರ್ಟಿಗೆ ಹೋಗಿ, ಹಾರಿ, ಇಳಿದು, ಮತ್ತೆ ರೂಮು ಸೇರುವಷ್ಟರಲ್ಲಿ ಸಂಜೆ. ಅದರಲ್ಲೂ ಪರ್ತ್ ಒಂದು ಬೇರೆ ಪ್ರವಾಸವೇ ಸರಿ. ಅದನ್ನು ಬಿಡು. ಕೇರ್ನ್ಸ್‌ಗೆ ಹೋಗುವ ಆಸೆ ಇದ್ದರೆ ಉಲುರು ಬಿಡು, ಅಥವಾ ಉಲುರು ಇಟ್ಟುಕೊಂಡು ಕೇರ್ನ್ಸ್ ಬಿಡು. ಒಂದು ನಗರ, ಒಂದು ದೂರದ ಜಾಗ, ಅವೆರಡರ ಮಧ್ಯೆ ಒಂದಿಷ್ಟು ದಾರಿ ಕಾರಿನಲ್ಲಿ. ಹತ್ತು ದಿನಕ್ಕೆ ಇಷ್ಟು ಸಾಕು.

ತಿಂಗಳೂ ನೋಡಬೇಕು. ಇಡೀ ದೇಶಕ್ಕೆ ಒಂದೇ ಕಾಲ ಇಲ್ಲ. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಆಗ ಮೆಲ್ಬರ್ನ್, ಸಿಡ್ನಿಯಲ್ಲಿ ಎಲೆ ಉದುರುವ ಕಾಲ, ಹವೆ ತುಂಬಾ ಹಿತ. ಮೇ ಬಂತು ಅಂದರೆ ಒಳನಾಡೂ ತಂಪಾಗುತ್ತದೆ. ಆದರೆ ಕೇರ್ನ್ಸ್ ಕಡೆ ಸಮುದ್ರದಲ್ಲಿ ನವೆಂಬರಿನಿಂದ ಮೇ ತನಕ ವಿಷದ ಜೆಲ್ಲಿಮೀನು ಇರುತ್ತವೆ, ಮೈ ಮುಚ್ಚುವ ಸೂಟ್ ಹಾಕದೆ ನೀರಿಗೆ ಇಳಿಯಬಾರದು. ಡಿಸೆಂಬರಿನಲ್ಲಿ ಬರುತ್ತೇನೆ ಅನ್ನುವವರಿಗೆ ನಾನು ಉಲುರು ಬೇಡ ಅಂತಲೇ ಹೇಳುತ್ತೇನೆ. 36 ಡಿಗ್ರಿ ದಾಟುತ್ತದೆ ಅಂದರೆ ಬೆಳಗ್ಗೆ ಹನ್ನೊಂದಕ್ಕೇ ಅದೇ ಪಾರ್ಕಿನ ಕಾಟಾ ಜುಟಾ ಬಂಡೆಗಳ ನಡುವಿನ ದೊಡ್ಡ ನಡಿಗೆಯ ದಾರಿ ಮುಚ್ಚುತ್ತಾರೆ. ಉತ್ತರ ತುದಿಯ ಡಾರ್ವಿನ್, ಕಾಕಡು ಕಡೆ ಆಗ ಮಳೆಗಾಲ, ಎಷ್ಟೋ ರಸ್ತೆ ನೀರಿನಲ್ಲಿ ಮುಳುಗಿರುತ್ತವೆ.

ಇನ್ನೊಂದು ಮಾತು. ಕಾಡು ನೋಡಲು ಮೂರು ಸಾವಿರ ಕಿಲೋಮೀಟರ್ ಹೋಗಲೇಬೇಕು ಅಂತಿಲ್ಲ. ಇಲ್ಲಿ ನಗರ ಮುಗಿದಲ್ಲೇ ಅದು ಶುರುವಾಗುತ್ತದೆ. ಸಿಡ್ನಿಯಿಂದ ರೈಲು ಹತ್ತಿದರೆ ಎರಡು ಗಂಟೆಯಲ್ಲಿ ಕಟೂಂಬಾ, ಬ್ಲೂ ಮೌಂಟನ್ಸ್. ದಕ್ಷಿಣಕ್ಕೆ ಹೋದರೆ 1879ರಲ್ಲಿ ಮಾಡಿದ ರಾಯಲ್ ನ್ಯಾಷನಲ್ ಪಾರ್ಕಿಗೆ ಲೋಕಲ್ ರೈಲಿನಲ್ಲೇ ಹೋಗಬಹುದು. ಮೆಲ್ಬರ್ನಿಗೆ ಬಂದವರೆಲ್ಲ ಕಡಲಂಚಿನ ಗ್ರೇಟ್ ಓಷನ್ ರೋಡನ್ನು ಒಂದೇ ದಿನದಲ್ಲಿ ಬಸ್ಸಿನಲ್ಲಿ ಮುಗಿಸುತ್ತಾರೆ. ಹನ್ನೆರಡು ಗಂಟೆ ಕೂತು, ಕಡಲಿನ ಬಂಡೆಗಳ ಮುಂದೆ ಅರ್ಧ ಗಂಟೆ ನಿಂತು ವಾಪಸ್. ನನಗೆ ಅದು ನೋಡಲಾಗದು. 243 ಕಿ.ಮೀ. ರಸ್ತೆ ಅದು. ಮೊದಲ ಮಹಾಯುದ್ಧದಿಂದ ಬದುಕಿ ಬಂದ ಸೈನಿಕರು, ಬಾರದೇ ಹೋದ ಗೆಳೆಯರ ನೆನಪಿಗೆ, 1919ರಿಂದ 1932ರವರೆಗೆ ಗುದ್ದಲಿ ಪಿಕಾಸಿ ಹಿಡಿದು ಕಡಿದ ದಾರಿ. ಆ ದಾರಿಯಲ್ಲಿರುವ ಅಪೊಲೊ ಬೇ ಅನ್ನುವ ಊರಿನಲ್ಲಿ ಒಂದು ರಾತ್ರಿ ಉಳಿಯಿರಿ. ಸಂಜೆ ಬಸ್ಸುಗಳೆಲ್ಲ ಹೋದ ಮೇಲೆ ಆ ದಂಡೆಯಲ್ಲಿ ಒಂದು ಸಲ ನಡೆಯಿರಿ. ಮಕ್ಕಳು ಮರೆಯುವುದಿಲ್ಲ.

ನಮ್ಮ ಅಮ್ಮನಿಗೆ ಆಪೆರಾ ಹೌಸ್ ಇನ್ನೂ ನೋಡಲಾಗಿಲ್ಲ. ಅದು ನನ್ನ ಮನಸ್ಸಿನಲ್ಲಿದೆ. ಮುಂದಿನ ಸಲ ಬಂದಾಗ ಸಿಡ್ನಿಯಲ್ಲೇ ಒಂದು ವಾರ ಇರೋಣ ಅಂದುಕೊಂಡಿದ್ದೇವೆ. ದಿನಾ ಸಂಜೆ ಸರ್ಕ್ಯುಲರ್ ಕೀಯಿಂದ ದೋಣಿಯಲ್ಲಿ ಮ್ಯಾನ್ಲಿಗೆ ಹೋಗಿಬಂದರೂ ಅವಳಿಗೆ ಬೇಸರ ಬರದು.

ಅದಕ್ಕಿಂತ ಮುಂಚೆ, ಈ ಸೆಪ್ಟೆಂಬರಿನಲ್ಲಿ ನಾವು ಮೂವರು ಕಾರಿನಲ್ಲಿ ಪರ್ತ್‌ಗೆ ಹೊರಟಿದ್ದೇವೆ. ಅಡಿಲೇಡ್ ದಾಟಿ, ನಲ್ಲರ್‌ಬೋರ್ ಬಯಲಿನ ಮೇಲೆ. ಹೋದ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಕನ್ನಡಕದ ಡಬ್ಬ ತೆಗೆದ ಸದ್ದು ಕೇಳಿಸಿತು. "ತಡಿ, ಪೆನ್ನು ತಗೊಳ್ತೀನಿ. ಹೇಳು, ಮಧ್ಯೆ ಏನಿದೆ?"

ಈ ಸಲ ನಾನು ಬರೆದಿಟ್ಟುಕೊಂಡಿದ್ದೆ. ಒಂದೊಂದೇ ಓದಿದೆ. ಸೆಡೂನಾ. ಪೆನೊಂಗ್. ನಂಡ್ರೂ. ನಲ್ಲರ್‌ಬೋರ್ ರೋಡ್‌ಹೌಸ್. ಬಾರ್ಡರ್ ವಿಲೇಜ್. ಯೂಕ್ಲಾ, ಅಲ್ಲಿ ಗಡಿಯಾರ ಮುಕ್ಕಾಲು ಗಂಟೆ ಹಿಂದೆ ಇಟ್ಟುಕೊಳ್ಳಬೇಕು. ಮಂಡ್ರಬಿಲ್ಲಾ. ಮಡೂರಾ. ಕಾಕಲ್‌ಬಿಡ್ಡಿ. ಕೈಗೂನಾ. ಅಪ್ಪ ಪ್ರತಿ ಹೆಸರನ್ನೂ ಬಾಯಲ್ಲಿ ಹೇಳಿಕೊಂಡು ಬರೆಯುತ್ತಿದ್ದರು. ಎಲ್ಲೆಲ್ಲಿ ಪೆಟ್ರೋಲ್ ಇದೆ, ಎಲ್ಲಿ ಕೋಣೆ ಇದೆ ಅಂತ ಪಕ್ಕದಲ್ಲಿ ಗುರುತು.

"ಕೈಗೂನಾ ಆದ ಮೇಲೆ?"

"ಬ್ಯಾಲಡೋನಿಯಾ ಅಪ್ಪ. ಮಧ್ಯೆ 146 ಕಿಲೋಮೀಟರ್ ರಸ್ತೆ ಒಂದು ಕಡೆಯೂ ತಿರುಗಲ್ಲ. ನೇರ."

ಪೆನ್ನು ನಿಂತಿತು. "ನಿದ್ದೆ ಬರೋ ರಸ್ತೆ ಅದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಕೈಗೂನಾದಲ್ಲೇ ನೈಟ್ ಹಾಲ್ಟ್ ಹಾಕು. ಬೆಳಗ್ಗೆ ಕಾಫಿ ಕುಡಿದು ಹೊರಡಿ."

ನಾನು ಕೈಗೂನಾದ ಮುಂದೆ ಬರೆದುಕೊಂಡೆ.